ಶುಶ್ರೂಷೆ ಮತ್ತು ನಿಂದೆ: ಆರೋಗ್ಯ ಸೇವಕರ ಮೇಲಣ ಮಾನಸಿಕ ಹಿಂಸೆಯ ವಿವೇಚನೆ

'ಶುಶ್ರೂಷೆ' ಎಂಬ ಪದವನ್ನು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಕನ್ನಡಿಗರೆಲ್ಲರೂ ಬಳಸುತ್ತಾರೆ. ಆದರೆ ಅದರ ಮೂಲಾರ್ಥ ಆರೈಕೆಯಲ್ಲ. ಕೇಳು ಎಂಬರ್ಥದ 'ಶ್ರು' ಧಾತುವಿನ ಮೇಲೆ ಇಚ್ಛಾರ್ಥದ 'ಸನ್' ಪ್ರತ್ಯಯ ಬಂದು ಸಿದ್ಧಿಸಿದ ರೂಪವಿದು. ಕುಡಿಯಬೇಕೆಂಬ ಇಚ್ಛೆ ಪಿಪಾಸೆಯಾದಂತೆ, ತಿಳಿಯಬೇಕೆಂಬ ಇಚ್ಛೆ ಜಿಜ್ಞಾಸೆಯಾದಂತೆ, ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತಿಗೆ ಕಿವಿಗೊಟ್ಟು ನಿಂತ ಶಿಷ್ಯನಿಗೆ ಸಲ್ಲುತ್ತಿದ್ದ ಈ ಪದ ಸೇವೆಗೂ, ರೋಗಿಯ ಉಪಚಾರಕ್ಕೂ ವ್ಯಾಪಿಸಿತು. ಅಮರಸಿಂಹನ ನಿಘಂಟಿನಲ್ಲಿ ಶುಶ್ರೂಷೆ, ಪರಿಚರ್ಯೆ, ಉಪಾಸನೆ ಇವು ಒಂದೇ ಸಾಲಿನ ಪರ್ಯಾಯಗಳು. ಪೂಜೆಗೆ ಸಲ್ಲುವ ಮಾತನ್ನೂ ಸೇವೆಗೆ ಸಲ್ಲುವ ಮಾತನ್ನೂ ಕೋಶಕಾರನು ಬೇರ್ಪಡಿಸಲಿಲ್ಲ.

ಹಾಗಾದರೆ ರೋಗಿಯ ಬಳಿ ನಿಂತವರು, ಪದದ ಬಲದಿಂದಲೇ, ಕೇಳಲು ಸಿದ್ಧರಾಗಿ ನಿಂತವರು. ರೋಗಿಯ ನರಳಿಕೆ, ಉಸಿರಿನ ಏರಿಳಿತ, ಅರ್ಧಕ್ಕೆ ನಿಂತ ಮಾತು ಇವನ್ನು ಆಲಿಸುವುದೇ ಅವರ ಕಸುಬು. ಅಂಥವರ ಕಿವಿಗೆ ಇಂದಿನ ಆಸ್ಪತ್ರೆಗಳಲ್ಲಿ ಮತ್ತೇನೇನು ಬೀಳುತ್ತಿದೆ, ಅದರಿಂದ ಅವರಿಗೂ ರೋಗಿಗೂ ಏನಾಗುತ್ತಿದೆ ಎಂಬುದು ಪ್ರಸ್ತುತ ಲೇಖನದ ವಿಷಯ. ದಾದಿಯರು, ವೈದ್ಯರು, ಆಶಾ ಕಾರ್ಯಕರ್ತೆಯರು, ವಾರ್ಡಿನ ಆಯಾಗಳು, ಆಂಬುಲೆನ್ಸಿನ ಚಾಲಕರು ಇವರೆಲ್ಲರನ್ನೂ ಇಲ್ಲಿ ಆರೋಗ್ಯ ಸೇವಕರೆಂದೇ ಎಣಿಸಲಾಗಿದೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ 4 ಪಾದಗಳನ್ನು ಹೇಳಿದೆ: ವೈದ್ಯ, ಔಷಧದ್ರವ್ಯ, ಪರಿಚಾರಕ ಮತ್ತು ರೋಗಿ. ಒಂದೊಂದಕ್ಕೆ 4 ಗುಣಗಳಂತೆ ಒಟ್ಟು 16 ಗುಣಗಳು. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ತಾನು ಸೇವಿಸುವವನಲ್ಲಿ ಅನುರಾಗ, ಶುಚಿತ್ವ. ರೋಗಿಗೆ ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ಬಾಧೆಯನ್ನು ಸರಿಯಾಗಿ ತಿಳಿಸುವುದು. ಈ 16ರಲ್ಲಿ ರೋಗಿಯ ಬಂಧುಗಳಿಗೆಂದು ವಿಧಿಸಿದ ಗುಣ ಒಂದೂ ಇಲ್ಲ. ಪರಿಚಾರಕನನ್ನು ನೇಮಿಸಿ ಆಳುವವರಿಗೆಂದು ಹೇಳಿದ್ದೂ ಇಲ್ಲ. ಪ್ರಾಚೀನರಿಗೆ ಅದು ಬೇಕೆನಿಸಲಿಲ್ಲವೋ ಏನೋ. ಇಂದಿನ ಆಸ್ಪತ್ರೆಯಲ್ಲಾದರೋ ಬಂಧುಗಳ ಗುಂಪು ಐದನೆಯ ಪಾದ, ಆಡಳಿತವು ಆರನೆಯ ಪಾದ. ಮಾನಸಿಕ ಹಿಂಸೆ ಬಹುಮಟ್ಟಿಗೆ ಬರುವುದು ಈ ಎರಡು ಕಡೆಗಳಿಂದಲೇ.

ಹಿಂಸೆಯು ಕಾಯದಿಂದ, ವಾಕ್ಕಿನಿಂದ, ಮನಸ್ಸಿನಿಂದ ಎಂದು ತ್ರಿಕರಣಗಳಿಂದಲೂ ಆಗತಕ್ಕದ್ದೆಂಬುದು ನಮ್ಮ ಶಾಸ್ತ್ರಗಳಿಗೆ ಹೊಸ ಮಾತಲ್ಲ. ಆಧುನಿಕ ಜಗತ್ತು ಆಸ್ಪತ್ರೆಗಳ ಮಟ್ಟಿಗೆ ಇದನ್ನು ಒಪ್ಪಿಕೊಂಡದ್ದು ತಡವಾಗಿ. ವಿಶ್ವ ಆರೋಗ್ಯ ಸಂಸ್ಥೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ದಾದಿಯರ ಅಂತರರಾಷ್ಟ್ರೀಯ ಮಂಡಲಿ ಮೊದಲಾದವು ಕೂಡಿ 2002ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೈಗುಳ, ಬೆದರಿಕೆ, ಕಿರುಕುಳ, ಗುಂಪುಗೂಡಿ ಕಾಡುವುದು ಇವನ್ನು ಮಾನಸಿಕ ಹಿಂಸೆಯೆಂದು ಹೆಸರಿಸಿದರು. ಆ ಸಂದರ್ಭದಲ್ಲಿ ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳಿಂದ, ಮೈಮೇಲೆ ಕೈಮಾಡುವ ಹಿಂಸೆಗಿಂತ ಈ ಬಗೆಯ ಹಿಂಸೆಯೇ ಹೆಚ್ಚು ವ್ಯಾಪಕವೆಂದು ಕಂಡುಬಂತು. 2019ರಲ್ಲಿ ಅಂಗೀಕೃತವಾದ ಕಾರ್ಮಿಕ ಸಂಸ್ಥೆಯ 190ನೆಯ ಒಡಂಬಡಿಕೆಯು ಎಲ್ಲ ಉದ್ಯೋಗಗಳಿಗೂ ಇದೇ ಮಾತನ್ನು ಅನ್ವಯಿಸಿತು.

ಇನ್ನು ಕೊಡಗಿನ ಸನ್ನಿವೇಶಕ್ಕೆ ಬರಬಹುದು. ಇಲ್ಲಿ ನೆಲದ ರಚನೆಯೇ ಒಂದು ಕಾರಣವಾಗುತ್ತದೆ. ಬೆಟ್ಟದ ಇಳಿಜಾರಿನಲ್ಲಿ ಚೆದುರಿದ ಮನೆಗಳು, ಕಾಫಿ ತೋಟದ ಲೈನ್ ಮನೆಗಳು, ಕಾಡಂಚಿನ ಹಾಡಿಗಳು, ಬಿಡದೆ ಸುರಿಯುವ ಮಳೆ, ದಾರಿಯಲ್ಲಿ ಆನೆಯ ಭಯ. ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗುವವರೆಗೆ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜೇ ಇರಲಿಲ್ಲ. ಇಂದಿಗೂ ಕಠಿಣ ಸ್ಥಿತಿಯ ರೋಗಿಗಳನ್ನು ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾಗುವುದುಂಟು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರು ದಾರಿ.

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳಬಹುದು. ಹೆರಿಗೆಯ ನೋವೆದ್ದ ಹೆಂಗಸನ್ನು ಜೀಪಿನಲ್ಲಿ ಹೋಬಳಿಯ ಆಸ್ಪತ್ರೆಗೆ ತಂದಿದ್ದಾರೆ. ಪಾಳಿಯಲ್ಲಿ ದಾದಿಯೊಬ್ಬರೇ ಇದ್ದಾರೆ. ಪರೀಕ್ಷಿಸಿ ನೋಡಿದ ಅವರು, ಇಲ್ಲಿ ಶಸ್ತ್ರಚಿಕಿತ್ಸೆಗೆ ಅನುಕೂಲವಿಲ್ಲ, ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕೊಂಡೊಯ್ಯಿರಿ ಎನ್ನುತ್ತಾರೆ. ಅವರು ಹೇಳಿದ್ದು ಸರಿ, ಹೇಳದಿದ್ದರೆ ತಪ್ಪಾಗುತ್ತಿತ್ತು. ಆದರೆ ನೆನೆದು, ನಡುಗಿ, ಹೆದರಿ ಬಂದ ಬಂಧುಗಳ ಕಿವಿಗೆ ಅದು ನಿರಾಕರಣೆಯಾಗಿ ಕೇಳಿಸುತ್ತದೆ. 'ಸಂಬಳ ಎಣಿಸುವುದಕ್ಕೆ ಕೂತಿದ್ದೀಯಾ?' ಎಂಬಲ್ಲಿಂದ ಮಾತು ಮೊದಲಾಗುತ್ತದೆ. ಎಲ್ಲಿಯವಳು, ಯಾರ ಮನೆಯವಳು ಎಂಬಲ್ಲಿಗೆ ಹೋಗುತ್ತದೆ. ಯಾರೋ ಒಬ್ಬನು ಮೊಬೈಲನ್ನು ಮುಖದ ಮುಂದೆ ಹಿಡಿದು 'ಇವಳನ್ನು ಊರಿಗೆಲ್ಲ ತೋರಿಸುತ್ತೇನೆ' ಎನ್ನುತ್ತಾನೆ. ತಜ್ಞ ವೈದ್ಯರ ಹುದ್ದೆ ಖಾಲಿಯಿರುವುದು, ರಕ್ತ ಸಿಗದಿರುವುದು, ರಸ್ತೆಗೆ ಮಣ್ಣು ಕುಸಿದಿರುವುದು ಇವೊಂದೂ ಆ ದಾದಿಯ ಕೈಯಲ್ಲಿಲ್ಲ. ಹುದ್ದೆಯನ್ನು ತುಂಬಬೇಕಾದವರು ಎದುರಿಗಿಲ್ಲ, ದಾದಿ ಎದುರಿಗಿದ್ದಾರೆ. ಅತ್ತೆಯ ಮೇಲಣ ಕೋಪ ಕೊತ್ತಿಯ ಮೇಲೆ ಎಂಬ ಗಾದೆಗೆ ಆಸ್ಪತ್ರೆಯಷ್ಟು ಒಳ್ಳೆಯ ನಿದರ್ಶನ ಬೇರೆಲ್ಲಿಯೂ ಸಿಗಲಾರದು. ಇಷ್ಟಾದ ಮೇಲೂ ಅದೇ ದಾದಿ ಅದೇ ಹೆಂಗಸಿನ ನಾಡಿ ಹಿಡಿದು ಆಂಬುಲೆನ್ಸಿಗೆ ಹತ್ತಿಸಬೇಕು. ಬೈಸಿಕೊಂಡವರು ಎದ್ದುಹೋಗಬಹುದಾದ ಉದ್ಯೋಗಗಳು ಹಲವು, ಇದು ಅಂಥದಲ್ಲ.

ಕನ್ನಡ ವ್ಯಾಕರಣಕ್ಕೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಎದುರಿನವರಿಗೆ ಒಂದೇ ಸರ್ವನಾಮ. ಕನ್ನಡದಲ್ಲಿ ನೀನು, ನೀವು ಎಂದು ಎರಡು. ಒಂದು ಬೈಗುಳವನ್ನೂ ಬಳಸದೆ, ಕ್ರಿಯಾಪದದ ತುದಿಯನ್ನು ಬದಲಿಸಿದ ಮಾತ್ರದಿಂದಲೇ ಕನ್ನಡಿಗನು ಎದುರಿನವರನ್ನು ಕುಗ್ಗಿಸಬಲ್ಲನು. 'ಬನ್ನಿ ಸಿಸ್ಟರ್' ಎಂಬುದು 'ಬಾರೇ ಇಲ್ಲಿ' ಎಂದಾದಾಗ ಅರ್ಥ ಬದಲಾಗಲಿಲ್ಲ, ಕರೆದದ್ದು ಕರೆದದ್ದೇ. ಆದರೆ ಕರೆಸಿಕೊಂಡವರ ಸ್ಥಾನ ಕ್ಷಣದಲ್ಲಿ ನೆಲಕ್ಕಿಳಿಯಿತು. ಇದನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿದರೆ ಅಪರಾಧವೇ ಮಾಯವಾಗುತ್ತದೆ. ಸರ್ಕಾರವು ದಾದಿಯರಿಗೆ ಶುಶ್ರೂಷಾಧಿಕಾರಿ ಎಂಬ ಹೆಸರನ್ನಿತ್ತಿರುವುದು ಸಂತೋಷದ ವಿಷಯವೇ. ಹೆಸರಿನಲ್ಲಿ ಅಧಿಕಾರ ಸೇರಿತು. ಸಂಬೋಧನೆಯಲ್ಲಿ ಏಕವಚನ ಉಳಿಯಿತು.

ಹಾಗೆಂದು ಎಲ್ಲ ಏಕವಚನವೂ ಅವಮಾನವಲ್ಲ. ಅಸ್ಸಾಮಿನಿಂದಲೋ ಬಂಗಾಳದಿಂದಲೋ ತೋಟದ ಕೆಲಸಕ್ಕೆ ಬಂದವನು ಹರುಕು ಕನ್ನಡದಲ್ಲಿ 'ನೀನು ಮಾತ್ರೆ ಕೊಡು' ಎಂದರೆ ಅದು ಭಾಷೆಯ ಕೊರತೆ. ಹಾಡಿಯ ಅಜ್ಜಿಯು 'ಮಗಳೇ, ನೀನು ಉಂಡೆಯಾ?' ಎಂದರೆ ಅದು ಆಶೀರ್ವಾದ. ಕನ್ನಡ ಚೆನ್ನಾಗಿ ಬಲ್ಲವನು, ವೈದ್ಯರಿಗೆ 'ನೀವು' ಎಂದು ದಾದಿಗೆ 'ನೀನು' ಎಂದು ಆಯಾಗೆ ಹೆಸರೇ ಇಲ್ಲದಂತೆ 'ಏಯ್' ಎಂದು ಕರೆಯುವಾಗ ಮಾತ್ರ ವ್ಯಾಕರಣವು ಆಯುಧವಾಗುತ್ತದೆ. ಆಸ್ಪತ್ರೆಯವರೂ ಬಡರೋಗಿಗಳನ್ನು ಏಕವಚನದಲ್ಲಿಯೇ ಗದರುವುದಿಲ್ಲವೇ ಎಂದು ಕೇಳುವವರುಂಟು. ಗದರುವವರಿದ್ದಾರೆ, ಯರವ, ಜೇನುಕುರುಬ ಜನರಲ್ಲಿ ಅನೇಕರು ಆಸ್ಪತ್ರೆಯ ಮೆಟ್ಟಿಲೇರಲು ಹಿಂಜರಿಯುವುದಕ್ಕೆ ಅದೂ ಒಂದು ಕಾರಣ. ಒಂದರ ತಪ್ಪು ಮತ್ತೊಂದಕ್ಕೆ ಸಮಾಧಾನವಾಗದು. ಎರಡಕ್ಕೂ ಬೇರು ಒಂದೇ ಎಂಬುದನ್ನಷ್ಟೇ ಅದು ತೋರಿಸುತ್ತದೆ. ಚಿಕಿತ್ಸೆಯಲ್ಲಿ ನಿಜವಾಗಿ ಲೋಪವಾಗಿದ್ದರೆ ಗ್ರಾಹಕರ ಆಯೋಗವಿದೆ, ವೈದ್ಯಕೀಯ ಪರಿಷತ್ತಿದೆ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ವೈದ್ಯಕೀಯ ಸೇವೆಯನ್ನು ಗ್ರಾಹಕ ಸಂರಕ್ಷಣೆಯ ಕಾಯಿದೆಯ ವ್ಯಾಪ್ತಿಗೆ ತಂದುದು ಅದಕ್ಕಾಗಿಯೇ.

ಆಸ್ಪತ್ರೆಯ ಗೋಡೆಯಿಂದ ಹೊರಗೆ ದುಡಿಯುವವರ ಸ್ಥಿತಿ ಇನ್ನೂ ಸೂಕ್ಷ್ಮ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಂಗವಾಗಿ 2005ರಿಂದ ರೂಪುಗೊಂಡ ಆಶಾ ವ್ಯವಸ್ಥೆಯಲ್ಲಿ ಸುಮಾರು 1000 ಜನಸಂಖ್ಯೆಗೆ ಒಬ್ಬ ಕಾರ್ಯಕರ್ತೆ. ಗರ್ಭಿಣಿಯರ ಪಟ್ಟಿ, ಶಿಶುಗಳ ಚುಚ್ಚುಮದ್ದು, ಕ್ಷಯರೋಗಿಯ ಮಾತ್ರೆ ಎಲ್ಲವೂ ಅವರ ಚೀಲದಲ್ಲಿ. ಕಾಫಿ ಕೊಯ್ಲಿನ ಕಾಲದಲ್ಲಿ ಲೈನ್ ಮನೆಗೆ ಹೊರಟ ಕಾರ್ಯಕರ್ತೆಯನ್ನು ಗೇಟಿನಲ್ಲಿ ತಡೆದು, ಆಳುಗಳ ಕೆಲಸ ಕೆಡಿಸಲು ಬಂದಿಯೆಂದು ತೋಟದ ರೈಟರೋ ಮೇಸ್ತ್ರಿಯೋ ಗದರಿ ಕಳುಹಿಸಿದರೆ, ಆ ಮಾತು ಯಾವ ದಾಖಲೆಯಲ್ಲಿಯೂ ಸೇರದು. ಆದರೆ ಆ ತಿಂಗಳ ಚುಚ್ಚುಮದ್ದಿನ ಲೆಕ್ಕ ಕಡಿಮೆಯಾದುದಕ್ಕೆ ಮೇಲಿನವರಿಂದ ಬರುವ ಬೈಗುಳ ಮಾತ್ರ ಸಭೆಯಲ್ಲಿ, ಎಲ್ಲರೆದುರು ಬರುತ್ತದೆ. ಇವರಿಗೆ ಸಲ್ಲುವ ಹಣಕ್ಕೆ ವೇತನವೆಂಬ ಹೆಸರಿಲ್ಲ, ಗೌರವಧನವೆಂದು ಹೆಸರು. ಶಬ್ದಾರ್ಥವನ್ನು ಬಲ್ಲವರಿಗೆ ಇದೊಂದು ವಿಷಾದದ ವಿನೋದ: ಧನದಲ್ಲಿ ಕೊರತೆಯಾದುದನ್ನು ಗೌರವದಿಂದ ತುಂಬುವ ಸಂಕಲ್ಪ ಪದದಲ್ಲಿದೆ, ವ್ಯವಹಾರದಲ್ಲಿ ಗೌರವವೂ ಇಲ್ಲ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ನೀಡಿ ಸನ್ಮಾನಿಸಿದರು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಅದೇ ಗೌರವಧನಕ್ಕಾಗಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತರು.

ಕೋವಿಡ್ ಕಾಲದಲ್ಲಿ ಈ ಹಿಂಸೆ ಎಲ್ಲರ ಕಣ್ಣಿಗೂ ಬಿತ್ತು. 2020ರ ಮಾರ್ಚ್ ಕೊನೆಯ ವಾರದಲ್ಲಿ ದೇಶದ ನಾನಾ ಕಡೆಗಳಲ್ಲಿ ಬಾಡಿಗೆ ಮನೆಯ ಯಜಮಾನರು ವೈದ್ಯರಿಗೂ ದಾದಿಯರಿಗೂ ಮನೆ ಬಿಡಿರೆಂದರು. ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಮನೆಮನೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರನ್ನು ಜನರು ಸುತ್ತುಗಟ್ಟಿದರು. ಸಂಜೆಯ ಹೊತ್ತಿಗೆ ತಟ್ಟೆ ಬಡಿದು ಚಪ್ಪಾಳೆ ತಟ್ಟಿದ ಬೀದಿಗಳಲ್ಲಿಯೇ ಬೆಳಗಿನ ಹೊತ್ತು ಅವರನ್ನು ಕಂಡು ಕದ ಹಾಕಿಕೊಂಡವರೂ ಇದ್ದರು. ಹೊಗಳಿಕೆಯೂ ಅಸ್ಪೃಶ್ಯತೆಯೂ ಒಂದೇ ತಿಂಗಳಲ್ಲಿ ಒಬ್ಬರ ಮೇಲೆಯೇ ಬಿದ್ದ ಪ್ರಸಂಗ ಅಪೂರ್ವವಾದದ್ದು.

ಆರನೆಯ ಪಾದವಾದ ಆಡಳಿತದಿಂದ ಬರುವ ಹಿಂಸೆಯ ಬಗೆಗೆ ಮಾತು ಕಡಿಮೆ. ಕೊಡಗಿಗೆ ಹೊಂದಿಕೊಂಡ ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕು 2020ರಲ್ಲಿ ಔಷಧ ಕಾರ್ಖಾನೆಯೊಂದರ ಮೂಲಕ ಹಬ್ಬಿದ ಸೋಂಕಿನಿಂದ ಹೆಸರಾಗಿತ್ತು. ತಿಂಗಳುಗಟ್ಟಲೆ ಬಿಡುವಿಲ್ಲದೆ ದುಡಿದ ಅಲ್ಲಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಅದೇ ವರ್ಷದ ಆಗಸ್ಟ್ 20ರಂದು ಆತ್ಮಹತ್ಯೆ ಮಾಡಿಕೊಂಡರು. ಪರೀಕ್ಷೆಗಳ ಗುರಿ ಮುಟ್ಟಿಸುವ ಒತ್ತಡವನ್ನೂ ಮೇಲಿನವರ ಕಿರುಕುಳವನ್ನೂ ಕುಟುಂಬದವರು, ಸಹೋದ್ಯೋಗಿಗಳು ಕಾರಣವೆಂದು ಆರೋಪಿಸಿದರು. ಸರ್ಕಾರಿ ವೈದ್ಯರು ಕೆಲಸ ನಿಲ್ಲಿಸಿ ಪ್ರತಿಭಟಿಸಿದರು. ಸರ್ಕಾರವು ವಿಚಾರಣೆಗೆ ಆಜ್ಞೆ ಮಾಡಿ, ಕುಟುಂಬಕ್ಕೆ ಪರಿಹಾರ ಘೋಷಿಸಿತು. ಒಬ್ಬರ ಪ್ರಾಣತ್ಯಾಗವನ್ನು ಒಂದೇ ಕಾರಣಕ್ಕೆ, ಒಬ್ಬನೇ ವ್ಯಕ್ತಿಗೆ ಕಟ್ಟಿಹಾಕುವುದು ಉಚಿತವಲ್ಲ. ಆದರೆ ಸಾಂಕ್ರಾಮಿಕದೊಡನೆ ಹೋರಾಡುವ ವೈದ್ಯರನ್ನು ದಿನದಿನವೂ ಅಂಕಿಯಿಂದ ಅಳೆದು, ಅಂಕಿ ತಪ್ಪಿದ ದಿನ ಎಲ್ಲರೆದುರು ಗದರುವ ಪದ್ಧತಿಯೊಂದು ಇದೆಯೆಂಬುದನ್ನು ಆ ಪ್ರತಿಭಟನೆ ನಾಡಿನ ಮುಂದಿಟ್ಟಿತು. ಅದಕ್ಕೂ ಹಿಂದೆ, 2019ರ ಮೇ ತಿಂಗಳಲ್ಲಿ, ಮುಂಬಯಿಯಲ್ಲಿ ಸ್ನಾತಕೋತ್ತರ ವ್ಯಾಸಂಗದಲ್ಲಿದ್ದ ಬುಡಕಟ್ಟು ಸಮುದಾಯದ ಯುವ ವೈದ್ಯೆಯೊಬ್ಬರು ಹೀಗೆಯೇ ಜೀವ ಕಳೆದುಕೊಂಡಾಗ, ಹಿರಿಯ ವಿದ್ಯಾರ್ಥಿನಿಯರ ಜಾತಿನಿಂದೆಯೇ ಕಾರಣವೆಂಬ ಆರೋಪ ನ್ಯಾಯಾಲಯದ ಮೆಟ್ಟಿಲೇರಿತು. ಹಾಡಿಗಳಿಂದ ಹೆಣ್ಣುಮಕ್ಕಳು ದಾದಿಯ ವಿದ್ಯೆಗೆ ಹೊರಡುತ್ತಿರುವ ಈ ಜಿಲ್ಲೆಗೆ ಆ ಪ್ರಕರಣ ದೂರದ್ದಲ್ಲ.

ಸ್ವೀಡನ್ನಿನಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಹೈನ್ಸ್ ಲೇಮನ್ ಎಂಬವರು 1980ರ ದಶಕದಲ್ಲಿ, ಕಾರ್ಯಸ್ಥಾನದಲ್ಲಿ ಒಬ್ಬರನ್ನು ಹಲವರು ಸೇರಿ ಕಾಡುವ ಕ್ರಮವನ್ನು ಅಭ್ಯಸಿಸಿದರು. ಪ್ರಾಣಿಗಳು ಗುಂಪಾಗಿ ಒಂದರ ಮೇಲೆ ಎರಗುವುದಕ್ಕೆ ಪ್ರಾಣಿಶಾಸ್ತ್ರದಲ್ಲಿದ್ದ ಹೆಸರನ್ನೇ ಅವರು ಇದಕ್ಕೆ ಇಟ್ಟರು. ಹಗಲಿನಲ್ಲಿ ಹೊರಬಿದ್ದ ಗೂಬೆಯನ್ನು ಕಾಗೆಗಳು ಮುತ್ತುವುದನ್ನು ಕಂಡವರಿಗೆ ವಿವರಣೆ ಬೇಕಿಲ್ಲ. 'ಮುತ್ತಿಗೆ' ಎಂಬ ಕನ್ನಡ ಮಾತು ಇದಕ್ಕೆ ಸಾಕು. ಒಂದು ದಿನದ ಜಗಳ ಮುತ್ತಿಗೆಯಲ್ಲ. ವಾರಕ್ಕೊಮ್ಮೆಯಾದರೂ, ಆರು ತಿಂಗಳಾದರೂ ನಡೆದುದನ್ನು ಮಾತ್ರ ಹಾಗೆ ಎಣಿಸಬೇಕೆಂಬುದು ಅವರ ಲೆಕ್ಕ. ಇದರಲ್ಲಿ ಬೈಗುಳವೇ ಇರಬೇಕೆಂದಿಲ್ಲ. ಒಬ್ಬರಿಗೇ ಸತತವಾಗಿ ರಾತ್ರಿಪಾಳಿ ಹಾಕುವುದು, ರಜೆಯ ಅರ್ಜಿಯನ್ನು ಮೇಜಿನಲ್ಲಿಯೇ ಮರೆಯುವುದು, ಸಭೆಯ ಸುದ್ದಿಯನ್ನು ಅವರಿಗೊಬ್ಬರಿಗೇ ಹೇಳದಿರುವುದು, ಅವರು ಬಂದೊಡನೆ ಮಾತು ನಿಲ್ಲಿಸುವುದು ಇವೆಲ್ಲವೂ ಅದರ ರೂಪಗಳು. ಮೌನವೂ ನಿಂದೆಯಾಗಬಲ್ಲದು.

ಇದೆಲ್ಲ ಸೇವಕರ ಸ್ವಂತ ನೋವು, ರೋಗಿಗೇನು ಎಂದು ಕೇಳಿದರೆ, ಉತ್ತರವಾಗಿ 2015ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಪ್ರಯೋಗವನ್ನು ನೋಡಬೇಕು. ನವಜಾತ ಶಿಶುಗಳ ತೀವ್ರನಿಗಾ ಘಟಕಗಳಲ್ಲಿ ದುಡಿಯುವ ವೈದ್ಯರ ಮತ್ತು ದಾದಿಯರ 24 ತಂಡಗಳಿಗೆ, ಅವಧಿಗೆ ಮುನ್ನ ಹುಟ್ಟಿದ ಕೂಸೊಂದರ ಸ್ಥಿತಿ ಕೆಡುತ್ತಿರುವ ಕೃತಕ ಸಂದರ್ಭವನ್ನು ಒಡ್ಡಲಾಯಿತು. ಕೆಲವು ತಂಡಗಳಿಗೆ ಹೊರನಾಡಿನ ತಜ್ಞನೆಂದು ಪರಿಚಯಿಸಲಾದವನಿಂದ, ಅವರ ದೇಶದ ವೈದ್ಯಕೀಯದ ಗುಣಮಟ್ಟವನ್ನು ಹಳಿಯುವ ಒಂದೆರಡು ಮಾತು ಹೇಳಿಸಿದರು. ಉಳಿದ ತಂಡಗಳಿಗೆ ಸಾಧಾರಣ ಮಾತು. ಅಬ್ಬರದ ಬೈಗುಳವಲ್ಲ, ಬರಿಯ ತಾತ್ಸಾರ. ಅಷ್ಟರಿಂದಲೇ ಹಳಿಸಿಕೊಂಡ ತಂಡಗಳ ರೋಗನಿರ್ಣಯವೂ ಕೈಗೆಲಸವೂ ಕೆಳಮಟ್ಟದ್ದಾದವು. ಕಾರಣವನ್ನು ಹುಡುಕಿದಾಗ ಕಂಡದ್ದು ಇನ್ನೂ ಮನನೀಯ: ಆ ತಂಡದವರು ತಿಳಿದುದನ್ನು ಒಬ್ಬರಿಗೊಬ್ಬರು ಹೇಳುವುದನ್ನೂ, ಬೇಕಾದಾಗ ಸಹಾಯ ಕೇಳುವುದನ್ನೂ ಕಡಿಮೆ ಮಾಡಿದ್ದರು. ಅಂದರೆ ಕೆಟ್ಟದ್ದು ಕೈಯ ಕೌಶಲ ಮಾತ್ರವಲ್ಲ, ಹೇಳುವುದು ಮತ್ತು ಕೇಳುವುದು. ಸಂಸ್ಕೃತದ ಹಳೆಯ ಪದವು ಯಾವುದನ್ನು ಆರೈಕೆಯ ಸಾರವೆಂದು ಹೆಸರಿಸಿತೋ, ನಿಂದೆಯು ನೇರವಾಗಿ ಅದಕ್ಕೇ ತಗಲುತ್ತದೆ. ದಾದಿಯನ್ನು ಬೈದ ಬಂಧುವು ತನ್ನ ರೋಗಿಯ ಹಾಸಿಗೆಯ ಬಳಿಯಿಂದಲೇ ಒಂದು ಕಿವಿಯನ್ನು ಕಿತ್ತುಕೊಂಡಂತಾಯಿತು.

ಶಾಸನವು ಈ ವಿಷಯದಲ್ಲಿ ನಿಧಾನವಾಗಿ ಬೆಳೆದಿದೆ. ಅದಕ್ಕೂ ಬಹಳ ಹಿಂದಿನ ಒಂದು ದೃಷ್ಟಾಂತ ಸ್ಮರಣೀಯ. ಕಲ್ಕತ್ತೆಯಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಕಾದಂಬಿನಿ ಗಂಗೂಲಿಯವರ ಶೀಲವನ್ನು ಹಳಿಯುವ ಹೀನ ಮಾತನ್ನು 'ಬಂಗವಾಸಿ' ಪತ್ರಿಕೆಯು 1891ರಲ್ಲಿ ಅಚ್ಚುಹಾಕಿತು. ಅವರು ಸುಮ್ಮನಾಗಲಿಲ್ಲ, ನ್ಯಾಯಾಲಯಕ್ಕೆ ಹೋಗಿ ಗೆದ್ದರು. ಸಂಪಾದಕನಿಗೆ 6 ತಿಂಗಳ ಸೆರೆವಾಸವೂ 100 ರೂಪಾಯಿ ದಂಡವೂ ಆಯಿತು. ಅಷ್ಟು ವಿದ್ಯೆ, ಅಷ್ಟು ಬೆಂಬಲ ಎಲ್ಲರಿಗೂ ಇರುವುದಿಲ್ಲವಷ್ಟೆ.

ಕರ್ನಾಟಕದಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಣ ಹಿಂಸೆಯನ್ನು ನಿಷೇಧಿಸುವ ಕಾಯಿದೆ 2009ರಲ್ಲಿ ಬಂತು. 3 ವರ್ಷಗಳವರೆಗೆ ಸೆರೆ, 50,000 ರೂಪಾಯಿಗಳವರೆಗೆ ದಂಡ. 2020ರ ಏಪ್ರಿಲ್ 22ರ ಕೇಂದ್ರದ ಸುಗ್ರೀವಾಜ್ಞೆಯೂ ಅನಂತರದ ತಿದ್ದುಪಡಿ ಕಾಯಿದೆಯೂ ಸೇವಕರ ಬದುಕಿಗೆ ಅಥವಾ ಕೆಲಸಕ್ಕೆ ಅಡ್ಡಿಯಾಗುವ ಕಿರುಕುಳವನ್ನೂ ಹಿಂಸೆಯೆಂದೇ ಕರೆದುದು ದೊಡ್ಡ ಹೆಜ್ಜೆ; ಆದರೆ ಅದು ಸಾಂಕ್ರಾಮಿಕದ ಕಾಲಕ್ಕೆ ಮಾತ್ರ. 2024ರಲ್ಲಿ ರಾಜ್ಯದ ಶಾಸನಸಭೆಯು ತನ್ನ ಕಾಯಿದೆಗೆ ತಿದ್ದುಪಡಿ ತಂದು ಉದ್ದೇಶಪೂರ್ವಕವಾದ ಅವಮಾನವನ್ನೂ ಅಪರಾಧಗಳ ಸಾಲಿಗೆ ಸೇರಿಸಿತು. ಭಾರತೀಯ ನ್ಯಾಯ ಸಂಹಿತೆಯ 352ನೆಯ ಕಲಮಿನಲ್ಲಿ ಅವಮಾನಕ್ಕೆ ಶಿಕ್ಷೆಯಿದೆ. ಆದರೆ ಅವಮಾನವು ಎದುರಿನವರನ್ನು ಕೆರಳಿಸಿ ಶಾಂತಿಭಂಗಕ್ಕೆ ಎಡೆಮಾಡುವಂತಿರಬೇಕೆಂದು ಅದು ಅಪೇಕ್ಷಿಸುತ್ತದೆ. ತಾಳ್ಮೆಯನ್ನೇ ವಿದ್ಯೆಯಾಗಿ ಕಲಿತವರ ವಿಷಯದಲ್ಲಿ ಈ ಅಳತೆಗೋಲು ವಿಚಿತ್ರವೇ ಸರಿ.

ಇವೆಲ್ಲ ಮುಖ್ಯವಾಗಿ ಹೊರಗಿನವರ ಹಿಂಸೆಗೆ. ಒಳಗಿನವರದ್ದು ಲೈಂಗಿಕ ಕಿರುಕುಳವಾದರೆ 2013ರ ಕಾಯಿದೆಯಿದೆ: 10 ಅಥವಾ ಹೆಚ್ಚು ಜನರು ದುಡಿಯುವ ಕಡೆ ಆಂತರಿಕ ಸಮಿತಿ, ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿ, ದೂರಿಗೆ 3 ತಿಂಗಳ ಅವಧಿ. ಸ್ವಯಂಸೇವೆಯ ರೂಪದಲ್ಲಿ ದುಡಿಯುವವರೂ ಅದರಲ್ಲಿ ಸೇರುವುದರಿಂದ ಆಶಾ ಕಾರ್ಯಕರ್ತೆಯರಿಗೂ ಅದು ಲಭ್ಯ. ಜಾತಿಯೆತ್ತಿ ಸಾರ್ವಜನಿಕವಾಗಿ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯಿದೆ. ಈ ಎರಡರ ನಡುವೆ ಬೀಳುವ ದಿನನಿತ್ಯದ ಕುಗ್ಗಿಸುವಿಕೆಗೆ, ಇಲಾಖೆಯ ನಡತೆಯ ನಿಯಮಗಳನ್ನು ಬಿಟ್ಟರೆ, ಆಸರೆ ಕಡಿಮೆ.

ಕನ್ನಡ ಕಲಿಸುವವರು ಮಾಡಬಹುದಾದ ಒಂದು ಚಿಕ್ಕ ಕೆಲಸವಿದೆ. ನಮ್ಮ ದೂರುಗಳಲ್ಲಿ 'ಅವಾಚ್ಯ ಶಬ್ದಗಳಿಂದ ನಿಂದಿಸಿದರು' ಎಂಬ ಸಿದ್ಧವಾಕ್ಯ ಬೇರೂರಿದೆ. ಮರ್ಯಾದೆಯ ದೃಷ್ಟಿಯಿಂದ ಹುಟ್ಟಿದ ಈ ವಾಕ್ಯವು ನಿಂದಕನಿಗೇ ನೆರವಾಗುತ್ತದೆ. ಆಡಿದ್ದು ಜಾತಿಯ ಮಾತೋ, ಹೆಣ್ತನದ ಮೇಲಣ ಮಾತೋ, ಕೊಲ್ಲುವ ಬೆದರಿಕೆಯೋ ಎಂಬುದರ ಮೇಲೆ ಯಾವ ಕಾಯಿದೆ, ಯಾವ ಕಲಂ ಎಂಬುದು ನಿಲ್ಲುತ್ತದೆ. ಆ ವಾಕ್ಯವಾದರೋ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಮುಚ್ಚಿಬಿಡುತ್ತದೆ. ದೂರಿನಲ್ಲಿ ಆಡಿದ ಮಾತನ್ನು ಆಡಿದಂತೆಯೇ, ಏಕವಚನವಿದ್ದರೆ ಏಕವಚನದಲ್ಲಿಯೇ, ಕೊಡವ ತಕ್ಕಿನಲ್ಲಿಯೋ ಅರೆಭಾಷೆಯಲ್ಲಿಯೋ ಮಲಯಾಳದಲ್ಲಿಯೋ ಇದ್ದರೆ ಆ ನುಡಿಯಲ್ಲಿಯೇ, ಉದ್ಧರಣ ಚಿಹ್ನೆಯೊಳಗಿಟ್ಟು ಬರೆಯಬೇಕು. ತಾರೀಖು, ಗಂಟೆ, ವಾರ್ಡು, ಆಗ ಮಾಡುತ್ತಿದ್ದ ಕೆಲಸ, ಕೇಳಿಸಿಕೊಂಡವರ ಹೆಸರು ಜೊತೆಗಿರಬೇಕು. ಪಾಳಿ ಮುಗಿಯುವ ಮುನ್ನವೇ ಬರೆದಿರಬೇಕು. ಪ್ರೌಢಶಾಲೆಯ ಪತ್ರಲೇಖನದ ಪಾಠದಲ್ಲಿ ರಜೆಯ ಅರ್ಜಿ, ಅಭಿನಂದನಾ ಪತ್ರಗಳ ಜೊತೆಗೆ ಇಂಥ ದೂರನ್ನೂ ಒಮ್ಮೆ ಬರೆಯಿಸಬಹುದು. ಆಸ್ಪತ್ರೆಗಳಿಗೆ ಹಾಸಿಗೆ, ಗಾಲಿಕುರ್ಚಿಗಳನ್ನು ಕೊಡುವ ದಾನಿಗಳು ಪ್ರತಿ ವಾರ್ಡಿಗೂ ಒಂದು ಗಟ್ಟಿ ರಟ್ಟಿನ, ಪುಟಸಂಖ್ಯೆ ಹಾಕಿದ ಪುಸ್ತಕವನ್ನೂ ಕೊಡಬಹುದು. ಅದು ರಾತ್ರಿಪಾಳಿಯ ಮೇಜಿನ ಮೇಲೆ, ವರದಿ ಪುಸ್ತಕದ ಪಕ್ಕದಲ್ಲಿಯೇ ಇರಬೇಕು. ಅಧಿಕಾರಿಯ ಬೀರುವಿನಲ್ಲಿ ಅಲ್ಲ.